ಅರ್ಧ ಬೆರಳು

"ನೀನೊಂದ್ಸಲ ನೋಡೋ ಜಯರಾಮ," ಎಂದು ಬೆಟ್ಟಯ್ಯ ಎರಡು ಹಾಳೆ ಕೊಟ್ಟ. ಒಂದರಲ್ಲಿ ದೂರದರ್ಶಕ ಅಳೆದ ನಕ್ಷತ್ರಗಳ ವೇಗದ ಗೆರೆ; ಇನ್ನೊಂದರಲ್ಲಿ ಅವನು ಕಂಪ್ಯೂಟರಿನಲ್ಲಿ ಕಟ್ಟಿದ ಗೆಲಾಕ್ಸಿಯದು. ಅವನ ಲೆಕ್ಕ ಸರಿಯಿದ್ದರೆ ಎರಡು ಗೆರೆಗಳೂ ಒಂದಾಗಬೇಕು. ಜಯರಾಮ ಎರಡನ್ನೂ ಸ್ಟಾಫ್ ರೂಮಿನ ಕಿಟಕಿಗಾಜಿಗೆ ಒಂದರ ಮೇಲೊಂದು ಒತ್ತಿ ಹಿಡಿದ. ಬೆಟ್ಟಯ್ಯನ ಗೆರೆ ಅರ್ಧ ಬೆರಳು ಕೆಳಗಿತ್ತು.

ಇಬ್ಬರೂ ತುಮಕೂರಿನ ಒಂದೇ ಹಾಸ್ಟೆಲಿನಲ್ಲಿ ಓದಿದವರು, ಈಗ ಒಂದೇ ಕಾಲೇಜಿನ ಮೇಷ್ಟ್ರುಗಳು. ಬೆಂಗಳೂರಿನ ಸೆಮಿನಾರಿನಲ್ಲಿ ಪ್ರಬಂಧ ಓದಲು ಕರೆ ಬಂದದ್ದು ಹಾಗಲವಾಡಿಯ ಬೆಟ್ಟಯ್ಯನಿಗೆ ಮಾತ್ರ. ಅಂದಿನಿಂದ ಜಯರಾಮನಿಗೆ ಅನ್ನ ಸೇರಿರಲಿಲ್ಲ. ಇವನು ಅಲ್ಲಿ ಹೋಗಿ ಎಲ್ಲರೆದುರು ನಗೆಪಾಟಲಾಗಲಿ ಎಂದುಕೊಂಡು, ಹೆಬ್ಬೆರಳಿನಿಂದ ಅವನ ಹಾಳೆಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿದ. ಗೆರೆಗಳು ಒಂದಾದವು.

"ಕರೆಕ್ಟಾಗಿ ಕೂತಿದೆ ಕಣೋ," ಎಂದ.

"ನೀನ್ ಹೇಳಿದ್ ಮ್ಯಾಲೆ ಮುಗೀತ್ ಬುಡು." ಬೆಟ್ಟಯ್ಯ ಪೆನ್ನು ತೆಗೆದು, ಪ್ರಬಂಧದ ಮೇಲೆ ತನ್ನ ಹೆಸರಿಗಿಂತ ಮೊದಲು ಜಯರಾಮನ ಹೆಸರು ಬರೆದ. "ಸೋಮವಾರ ಅಲ್ಲಿ ನೀನೇ ಓದು."