ನಳದ ಮಣ್ಣು

ಚೆಂಡುಹೂವು ಮುಟ್ಟಿದರೆ ಇವತ್ತಿಗೂ ನಾನು ಅಂಗೈ ಮೂಸಿ ನೋಡಿಕೊಳ್ಳುತ್ತೇನೆ.

ನಾನಾಗ ಶಾಲೆಯಲ್ಲಿ ಮೂರನೇ ಇಯತ್ತೆ. ಅಣ್ಣಿಗೇರಿ ಕಡೆಯ ನಮ್ಮೂರಿನ ನಳಕ್ಕೆ ಎರಡು ತಿಂಗಳಿಂದ ನೀರಿರಲಿಲ್ಲ. ಊರು ಮಲಗಿದ್ದ ಮಧ್ಯಾಹ್ನ ನಾನೂ ಗಂಗವ್ವ ಅತ್ತೆಯೂ ಚೆಂಡುಹೂವಿನ ಮಾಲೆ ಕಟ್ಟಿ ನಳಕ್ಕೆ ಹಾಕಿದೆವು. ಅತ್ತೆ ಅದಕ್ಕೆ ವಿಭೂತಿ ಬಳಿದು, ಬಾಜೂದ ಗೋಡೆಗೆ ಇದ್ದಿಲಿನಿಂದ ಬರೆದಳು: ‘ನಮ್ಮೂರ ನಳ ಬಾಯಾರಿ ತೀರಿಕೊಂಡಿದೆ. ಮಂಡಲ ಪ್ರಧಾನರು ಮಣ್ಣಿಗೆ ಬರಬೇಕು.’

“ಅರ್ಜಿ ಕೊಟ್ರ ಓದಲಿಲ್ಲ. ಮಂದಿ ನಕ್ರ ಓಡಿ ಬರ್ತಾನ ನೋಡು,” ಅಂದಳು.

ಊರೆಲ್ಲ ನಕ್ಕಿತು. ಸಂಜೆಯೊಳಗೆ ಮಂಡಲ ಪಂಚಾಯ್ತಿ ಪ್ರಧಾನರು ನಮ್ಮ ಕಟ್ಟೆಗೆ ಬಂದು ಕೂತರು. ಚಹಾ ಮುಟ್ಟಲಿಲ್ಲ. ನನ್ನನ್ನು ಕರೆದು ಅಂಗೈ ಎತ್ತಿ ಮೂಸಿದರು.

“ಮಾಲಿ ಯಾಕ ಕಟ್ಟಿದ್ದೆವ್ವಾ?”

“ದೇವರ ಪೂಜಿಗೆರಿ.”

“ಯಾವ ದೇವ್ರು?”

ಅತ್ತೆ ಸೆರಗು ಹೊದ್ದುಕೊಂಡು ಹೇಳಿದಳು: “ನೀರ ಕೊಡೂ ದೇವ್ರುರಿ.”

ಪ್ರಧಾನರು ನಮ್ಮಿಬ್ಬರನ್ನೂ ನೋಡಿ ಎದ್ದು ಹೋದರು.

ಮೂರನೆಯ ದಿನ ನಳಕ್ಕೆ ನೀರು ಬಂತು. ಪಾಳಿಯಲ್ಲಿ ನಿಂತಾಗ ಪ್ರಧಾನರ ಹೆಂಡತಿ ಅತ್ತೆಯ ಕಿವಿಯ ಹತ್ತಿರ ಬಾಗಿ, “ನಮ್ಮ ಓಣ್ಯಾಗ ಬೀದಿ ದೀಪಾನೂ ಹತ್ತವಲ್ವು. ಏನರ ಮಾಡ್ರಿ,” ಅಂದಳು.

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ನನಗ್ಯಾಕ ಹೇಳ್ತೀರಿ? ನಿಮ್ಮ ಯಜಮಾನ್ರಿಗೆ ಹೇಳ್ರಿ.”