ಒಂದಂಗುಲದ ಓರೆ

ಗಾಡಿ ಮತ್ತೆ ಬಲಕ್ಕೆ ವಾಲಿತ್ತು. ಮೂರು ದಿನದಲ್ಲಿ ಇದು ಮೂರನೇ ಸಲ.

"ಬೀಗರೇ, ಇದೇನು ಪಿಕಪ್ಪೋ, ಕುಂಟು ಕುರ್ಚಿಯೋ?" ಗ್ಯಾರೇಜಿನ ಮುಂದೆ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಗಾರೆ ಮೇಸ್ತ್ರಿ ಕೂಗಿದರು. ಮೆಕ್ಯಾನಿಕ್ಕನ ಮಗಳನ್ನು ತಮ್ಮ ಮಗನಿಗೆ ತಂದುಕೊಂಡವರು ಅವರು. ಹಾಗಾಗಿ ಬೈಗುಳದಲ್ಲೂ ಇಷ್ಟು ದಿನ ಮರ್ಯಾದೆ ಇತ್ತು. ಇವತ್ತು ಅದೂ ತಳ ಕಂಡಿತ್ತು.

ಮೆಕ್ಯಾನಿಕ್ಕನಿಗೆ ಪಿತ್ತ ನೆತ್ತಿಗೇರಿತು. ಬೆವರು ಸುರಿಸಿ ಮಾಡಿದ ಕೆಲಸ! ಹಿಂದಿನ ಚಕ್ರಗಳ ಮೇಲಿನ ಉಕ್ಕಿನ ಸ್ಪ್ರಿಂಗ್ ಬ್ಲೇಡುಗಳ ಕಟ್ಟು ಬಿಚ್ಚಿ, ಎರಡೂ ಕಡೆ ಹೊಸ ಬ್ಲೇಡು ಸೇರಿಸಿ, ಗಾಡಿಯ ಹಿಂಭಾಗ ಎತ್ತರಿಸಿದ್ದ. ಎಳೆಯುವ ಕೊಕ್ಕೆ ಬಿಗಿದಿದ್ದ. ನಾಳೆ ಬೆಳಿಗ್ಗೆ ಅದಕ್ಕೆ ಬೀಗರ ಕಾಂಕ್ರೀಟ್ ಮಿಕ್ಸರ್ ಸಿಕ್ಕಿಸಬೇಕು. ಅವರ ಜೀವಮಾನದ ಮೊದಲ ಸರ್ಕಾರಿ ಕೆಲಸ. ಗಾಡಿ ಓರೆಯಾದರೆ ತಿರುವಿನಲ್ಲಿ ಮಿಕ್ಸರ್ ಮಗುಚೀತು, ಕೆಲಸವೂ ಕೈಬಿಟ್ಟೀತು.

ಕೆಲಸ ಎಲ್ಲಿ ಎಂದರೆ ಮಾತ್ರ ಬೀಗರು ಬಾಯಿ ಬಿಡುತ್ತಿರಲಿಲ್ಲ. "ಮೊದಲ ಬಾಣಲಿ ಕಾಂಕ್ರೀಟ್ ಬೀಳಲಿ, ಆಮೇಲೆ ಹೇಳ್ತೀನಿ. ಜನರ ಕಣ್ಣು ಒಳ್ಳೇದಲ್ಲ."

"ಒಳಗೆ ತನ್ನಿ," ಎಂದ ಮೆಕ್ಯಾನಿಕ್. ಪಿಕಪ್ ಒಳಗೆ ಬಂತು. ಅಂಚಿನವರೆಗೆ ನೀರು ತುಂಬಿದ ಲೋಟವನ್ನು ಅದರ ಹಿಂಭಾಗದಲ್ಲಿಟ್ಟ. ಟೇಪು ಹಿಡಿಯುವ ಆಸಾಮಿಯಲ್ಲ ಅವನು. ಲೋಟದ ಪರೀಕ್ಷೆ ಆಗದೆ ಯಾವ ಗಾಡಿಯೂ ಅವನ ಗ್ಯಾರೇಜು ದಾಟುತ್ತಿರಲಿಲ್ಲ. ಮೊದಲ ದಿನ ನೀರು ಎಡಕ್ಕೆ ಚೆಲ್ಲಿತ್ತು. ಎಡಗಡೆ ಬ್ಲೇಡುಗಳ ಕೆಳಗೆ ಅಂಗುಲ ದಪ್ಪದ ಉಕ್ಕಿನ ಪಟ್ಟಿ ಕೊಟ್ಟ ಮೇಲೆ ನೀರು ಅಲುಗಾಡದೆ ಕೂತಿತ್ತು. ಇವತ್ತೂ ಕೂತಿತು.

"ನೋಡಿ! ಒಂದು ತೊಟ್ಟು ಚೆಲ್ಲಿದ್ರೆ ಕೇಳಿ."

ಮೇಸ್ತ್ರಿ ತಮ್ಮ ರಸಮಟ್ಟ ತೆಗೆದು ಗಾಡಿಯ ಮೇಲಿಟ್ಟರು. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಿತು. ಅವರ ಮುಖ ಪೆಚ್ಚಾಯಿತು. "ಹಾಗಾದ್ರೆ ನಮ್ಮ ಅಂಗಳದಲ್ಲಿ ಯಾಕೆ ವಾಲತ್ತೆ?"

"ಅಂಗಳವೇ ಸೊಟ್ಟಗಿರಬೇಕು."

"ಏನಂದ್ರಿ? ಮೂವತ್ತು ವರ್ಷ ಮಟ್ಟ ನೋಡಿ ಅನ್ನ ತಿಂದವನು ನಾನು! ಈ ನಿಮ್ಮ ಗ್ಯಾರೇಜಿನ ನೆಲ ಹಾಕಿದ್ದು ಯಾರು?"

"ನೀವೇ. ಅದರಲ್ಲಿ ಕೊರತೆ ಹೇಳಿದ್ರೆ ನಾಲಿಗೆ ಬಿದ್ದುಹೋಗಲಿ." ಮನಸಾರೆ ಹೇಳಿದ ಮಾತು. ಮೂರು ವರ್ಷದಿಂದ ಒಂದು ಬಕೆಟ್ ನೀರು ಸುರಿದರೆ ಸಾಕು, ಎಣ್ಣೆ, ಕೊಳೆ ಎಲ್ಲ ತಾನಾಗಿ ಚರಂಡಿ ಸೇರುತ್ತಿತ್ತು. ಕೈಜಾರಿದ ನಟ್ಟುಗಳು ಕೂಡ ಎಡಗೋಡೆಯ ಬುಡದಲ್ಲೇ ಸಿಗುತ್ತಿದ್ದವು, ಹುಡುಕುವ ತಾಪತ್ರಯವಿಲ್ಲ. "ಹಾಗಾದ್ರೆ ರಸ್ತೆಯದೇ ದೋಷ."

"ರಸ್ತೆ ಓರೆ ಅಂತ ನನಗೂ ಗೊತ್ತು," ಮೇಸ್ತ್ರಿ ಏನೋ ಮಾತು ನುಂಗಿಕೊಂಡು ನಕ್ಕರು. "ಅದೂ ಸರಿಹೋಗತ್ತೆ ಬಿಡಿ. ಆದ್ರೆ ಅಂಗಳ ಓರೆಯಲ್ಲ."

ಮೇಸ್ತ್ರಿಗೂ ಹೇಳದ ಒಂದು ಗುಟ್ಟು ಮೆಕ್ಯಾನಿಕ್ಕನಲ್ಲಿತ್ತು. ಹಾಲಿನ ವ್ಯಾನು, ಶಾಲೆಯ ಬಸ್ಸು, ಪೇಪರಿನ ಗಾಡಿ ಎಲ್ಲ ಮೂರು ವರ್ಷದಿಂದ ಬಲಕ್ಕೆ ವಾಲಿಕೊಂಡೇ ಓಡುತ್ತಿದ್ದವು. ಎಲ್ಲವೂ ಅವನ ಲೋಟದ ಪರೀಕ್ಷೆ ಪಾಸಾದವು. ಅಂದಮೇಲೆ ರಸ್ತೆಯೇ ಸೊಟ್ಟ, ಇನ್ನೇನು? ರಸ್ತೆ ಕಚೇರಿಗೆ ಮೂರು ಅರ್ಜಿ ಗೀಚಿದ್ದ. 'ನಂಬದಿದ್ದರೆ ತಮ್ಮ ಜೀಪನ್ನೇ ನೋಡಿ' ಎಂದು ಕೊನೆಯದರಲ್ಲಿ ಕುಟುಕಿದ್ದ. ಆ ಜೀಪಿಗೂ ಬ್ಲೇಡು ಹಾಕಿದವನು ಅವನೇ. ಉತ್ತರ ಮಾತ್ರ ಬಂದಿರಲಿಲ್ಲ.

"ಸಂಜೆಯೊಳಗೆ ಸರಿಹೋಗದಿದ್ರೆ ಬೇರೆ ಗ್ಯಾರೇಜು ನೋಡ್ಕೋತೀನಿ," ಎಂದರು ಮೇಸ್ತ್ರಿ.

ಮೆಕ್ಯಾನಿಕ್ ಬಗ್ಗಿ ಮತ್ತೊಮ್ಮೆ ಲೋಟ ನೋಡಿದ. ಸ್ವಂತ ಬೀಗರೇ ಕೈಬಿಟ್ಟರೆ ಊರಲ್ಲಿ ತಲೆ ಎತ್ತುವುದು ಹೇಗೆ?

ಅಷ್ಟರಲ್ಲಿ ಮಗಳು ಇಬ್ಬರಿಗೂ ಊಟದ ಡಬ್ಬಿ ತಂದಳು. ಇಬ್ಬರ ಮುಖವೂ ಊದಿಕೊಂಡಿದ್ದನ್ನು ನೋಡಿ ಲೋಟ ಎತ್ತಿಕೊಂಡಳು, ನೀರನ್ನು ನೆಲಕ್ಕೆ ಚೆಲ್ಲಿದಳು. ನೀರು ಗೆರೆ ಎಳೆದ ಹಾಗೆ ಎಡಗಡೆಗೆ ಓಡಿತು. ಅವಳು ಅದನ್ನೇ ನೋಡುತ್ತಾ ನಿಂತಳು.

"ಅಪ್ಪಾ, ನೀರು ಯಾಕೆ ಹೀಗೆ ಓಡ್ತಿದೆ?"

"ಚರಂಡಿ ಆ ಕಡೆ ಇದೆಯಲ್ಲ ತಾಯಿ."

"ಚರಂಡಿ ಏನು ನೀರನ್ನ ಕೂಗಿ ಕರೆಯತ್ತಾ? ಮಾವ, ಆ ರಸಮಟ್ಟ ಸ್ವಲ್ಪ ನೆಲದ ಮೇಲಿಡಿ."

ಮೇಸ್ತ್ರಿ ಇಟ್ಟರು. ಗುಳ್ಳೆ ಬಲತುದಿಗೆ ಹೋಗಿ ಅಂಟಿಕೊಂಡಿತು. ಇಬ್ಬರೂ ಮಂಡಿಯೂರಿ ಅದನ್ನೇ ನೋಡಿದರು.

"ನೀರು ಹರಿಯೋಕೆ ಇಳಿಜಾರು ಕೊಡಿ ಅಂತ ನೀವೇ ಗಂಟು ಬಿದ್ದಿದ್ರಿ," ಮೇಸ್ತ್ರಿ ಮೆಲ್ಲಗೆ ಅಂದರು. "ಕೊಟ್ಟೆ. ಕೊಟ್ಟು ಮರೆತೂಬಿಟ್ಟೆ."

"ನಾನೂ ಮರೆತೆ," ಎಂದ ಮೆಕ್ಯಾನಿಕ್. ಇಳಿಜಾರಿನ ಮೇಲೆ ಗಾಡಿ ನಿಲ್ಲಿಸಿಕೊಂಡು ಲೋಟದ ನೀರು ಸಮ ಮಾಡಿದ್ದ. ಸಪಾಟು ನೆಲಕ್ಕೆ ಹೋದರೆ ವಾಲದೆ ಇನ್ನೇನು ಮಾಡೀತು!

ಮೇಸ್ತ್ರಿಗೆ ಮೊದಲು ನಗು ಬಂತು. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅರ್ಧ ಗಂಟೆಯಲ್ಲಿ ಎಡಗಡೆಯ ಪಟ್ಟಿ ಕಳಚಿತು. ಪಿಕಪ್ ರಸ್ತೆಗಿಳಿದು ಎರಡೂ ಹೆಗಲು ಸಮ ಮಾಡಿಕೊಂಡು ನಿಂತಿತು. ಬೀಗರು ಮೆಕ್ಯಾನಿಕ್ಕನನ್ನು ಅಪ್ಪಿಕೊಂಡರು.

"ಇನ್ನಾದ್ರೂ ಹೇಳಿ ಮಾರಾಯ್ರೆ, ನಾಳೆ ಮಿಕ್ಸರ್ ಎಲ್ಲಿಗೆ?"

ಇಷ್ಟು ಖುಷಿಯಲ್ಲಿ ಗುಟ್ಟು ನಿಲ್ಲುತ್ತದೆಯೇ? ಮೇಸ್ತ್ರಿ ಎದೆ ಉಬ್ಬಿಸಿ, ಜೇಬಿನಿಂದ ರಸ್ತೆ ಕಚೇರಿಯ ಆದೇಶ ತೆಗೆದು ಕೈಗಿಟ್ಟರು. ಮೆಕ್ಯಾನಿಕ್ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಹತ್ತಿರದ ಟಯರಿನ ಮೇಲೆ ಕುಕ್ಕರಿಸಿದ.

'ನಾಗರಿಕರೊಬ್ಬರ ಮೂರು ಅರ್ಜಿಗಳ ಮೇರೆಗೆ, ಕಚೇರಿಯ ಜೀಪಿನಲ್ಲಿ ಖುದ್ದಾಗಿ ಸಂಚರಿಸಿ ಪರಿಶೀಲಿಸಲಾಗಿ, ಮುಖ್ಯರಸ್ತೆಯ ಬಲಬದಿಯನ್ನು ಉದ್ದಕ್ಕೂ ಒಂದು ಅಂಗುಲ ಎತ್ತರಿಸತಕ್ಕದ್ದು.'