ಮಾವ ಹೇಳದೆ ಬಿಟ್ಟದ್ದು

ಡಾಕ್ಟರು ನೋವಿನ ಮಾತ್ರೆ ಬರೆದುಕೊಟ್ಟು, ಸ್ವಲ್ಪ ದಿನ ಭಾರ ಎತ್ತಬೇಡಿ ಎಂದು ಹೇಳಿ, ಮುಂದಿನವರನ್ನು ಕರೆಯಲು ಬೆಲ್ಲಿನ ಮೇಲೆ ಕೈಯಿಟ್ಟರು. ಮಾವ ಮೇಜಿನ ಅಂಚು ಹಿಡಿದು ಎದ್ದರು. ಸೊಸೆ ಏಳಲಿಲ್ಲ.

"ಹೊರಡೋದು," ಎಂದರು ಮಾವ, ಗೋಡೆಯ ಕಡೆ ನೋಡುತ್ತ.

ಅವರು ಸೊಸೆಯೊಂದಿಗೆ ಮಾತಾಡುತ್ತಿದ್ದುದೇ ಹಾಗೆ. ಅಡುಗೆ ಆಗಿದ್ದರೆ ಬಡಿಸಬಹುದು, ಗ್ಯಾರೇಜಿನ ಬೀಗದ ಕೈ ಸಿಕ್ಕರೆ ಆಗುತ್ತಿತ್ತು, ಎಲ್ಲವೂ ಗೋಡೆಗೆ, ಇಲ್ಲವೇ ಗಾಳಿಗೆ. ಮಗ ಇದ್ದಾಗ ಇಬ್ಬರ ಮಾತನ್ನೂ ಅವನೇ ಆಚೆ ಈಚೆ ದಾಟಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ಮನೆಯಲ್ಲಿ ಗೋಡೆಗಳಿಗೆ ಕೆಲಸ ಹೆಚ್ಚಾಗಿತ್ತು.

ಗೇರ್‌ಬಾಕ್ಸ್ ಎತ್ತುವಾಗ ಸೊಂಟ ಹಿಡಿದುಕೊಂಡಿತು, ನೋವು ಎರಡೂ ಕಾಲಿಗೆ ಇಳಿದಿದೆ ಎಂದಷ್ಟೇ ಮಾವ ಡಾಕ್ಟರಿಗೆ ಹೇಳಿದ್ದರು. ಹೇಳದೆ ಬಿಟ್ಟದ್ದು ಸೊಸೆಯ ಕಣ್ಣಿಗೆ ಬಿದ್ದಿತ್ತು. ನಿನ್ನೆ ಊಟ ಮುಗಿಸಿ ಅವರು ಎದ್ದಾಗ ಸ್ಟೂಲಿನ ಮೇಲೆ ಒಂದು ಸ್ಪಾರ್ಕ್ ಪ್ಲಗ್ ಇತ್ತು. ಊಟದ ಉದ್ದಕ್ಕೂ ಅದರ ಮೇಲೆಯೇ ಕೂತಿದ್ದರು. ಇವತ್ತು ಬೆಳಗ್ಗೆ, ಜನ್ಮದಲ್ಲಿ ಒಂದು ಕರವಸ್ತ್ರ ಒಗೆಯದ ಮನುಷ್ಯ, ತಮ್ಮ ಹಾಸಿಗೆಯ ಬಟ್ಟೆಯನ್ನು ತಾವೇ ಒಗೆದು ಹಿತ್ತಲಿನ ಮೂಲೆಯಲ್ಲಿ ಯಾರಿಗೂ ಕಾಣದ ಹಾಗೆ ಒಣಗಹಾಕಿದ್ದರು. ಇಂಥ ಮಾತನ್ನು ಸೊಸೆಯಾದವಳು ಮಾವನ ಎದುರಿಗೆ ಎತ್ತುವುದುಂಟೆ? ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಬಾಯಿಬಿಟ್ಟಳು.

"ಡಾಕ್ಟ್ರೇ, ಇವರಿಗೆ ಕೂತ ಜಾಗದಲ್ಲಿ ಮುಟ್ಟಿದ್ದು ಗೊತ್ತಾಗ್ತಿಲ್ಲ. ರಾತ್ರಿ ಹಾಸಿಗೇಲಿ ಮೂತ್ರ ಹೋಗಿದ್ದೂ ಗೊತ್ತಾಗಿಲ್ಲ."

ಬೆಲ್ಲಿನ ಮೇಲಿದ್ದ ಕೈ ಹಿಂದಕ್ಕೆ ಬಂತು. ಮಾವನ ಮುಖ ಕೆಂಡವಾಯಿತು. ಇವಳದ್ದೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ, ನನಗೇನೂ ಆಗಿಲ್ಲ ಎಂದು ಡಾಕ್ಟರಿಗೆ ಹೇಳಿ ಕಾಲೆಳೆಯುತ್ತ ಹೊರಟರು. ಅವರು ತಲುಪುವ ಮೊದಲೇ ಸೊಸೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಮದುವೆಯಾಗಿ ಬಂದಂದಿನಿಂದ ಅವರಿಗೆ ಅಡ್ಡ ನಿಂತದ್ದು ಅದೇ ಮೊದಲು. ಸೊಸೆಯನ್ನು ಕೈಯಿಂದ ಸರಿಸುವಂತಿಲ್ಲ, ದಾಟುವಂತಿಲ್ಲ. ಮಾವ ಬೇರೆ ದಾರಿ ಕಾಣದೆ ಪರದೆಯ ಆಚೆಗೆ ಹೋದರು.

ಡಾಕ್ಟರು ಅವರನ್ನು ಮಗ್ಗುಲಾಗಿ ಮಲಗಿಸಿದರು. ಕಣ್ಣು ಮುಚ್ಚಿರಬೇಕು, ಸೂಜಿಮೊನೆ ತಾಗಿದಾಗಲೆಲ್ಲ ಹೂಂ ಅನ್ನಬೇಕು. ಈಚೆ ನಿಂತ ಸೊಸೆಗೆ ಮಾವನ ಗಟ್ಟಿ ದನಿ ಕೇಳುತ್ತಿತ್ತು. ಹೂಂ. ಹೂಂ. ಹೂಂ.

"ಯಜಮಾನ್ರೇ," ಎಂದರು ಡಾಕ್ಟರು, "ನಾನಿನ್ನೂ ಸೂಜಿ ಕೈಗೇ ತಗೊಂಡಿಲ್ಲ."

ಆಮೇಲೆ ಎಲ್ಲರಿಗೂ ಅವಸರ. ಸ್ಕ್ಯಾನ್ ಆಯಿತು. ಬೆನ್ನುಹುರಿ ಮುಗಿಯುವಲ್ಲಿಂದ ಕೆಳಕ್ಕೆ ನರಗಳು ಕುದುರೆಯ ಬಾಲದ ಹಾಗೆ ಇಳಿಬಿದ್ದಿರುತ್ತವೆ, ಜರುಗಿದ ಡಿಸ್ಕು ಆ ಕಟ್ಟನ್ನು ಹಿಚುಕುತ್ತಿದೆ, ಇವತ್ತೇ ಆಪರೇಷನ್ ಮಾಡಿ ಬಿಡಿಸಬೇಕು ಎಂದರು ಡಾಕ್ಟರು. ಬಿಟ್ಟರೆ ಮೂತ್ರದ ಹತೋಟಿ ಹೋಗುತ್ತದೆ, ಕಾಲಿನ ಬಲವೂ ಹೋಗಬಹುದು. ಬಿಡಿಸಿದರೂ ಎಲ್ಲ ಮೊದಲಿನಂತೆ ಆಗುತ್ತದೆಂದು ಮಾತು ಕೊಡಲಾರೆ.

ಸ್ಟ್ರೆಚರಿನ ಮೇಲೆ ಹೋಗುತ್ತ ಮಾವ ಛಾವಣಿಗೆ ಹೇಳಿದರು, "ಕಂಡೋರ ಮುಂದೆ ಮಾನ ತೆಗೆದಾಯ್ತು."

"ಹೌದು ಮಾವ," ಎಂದಳು ಸೊಸೆ, ಪಕ್ಕದಲ್ಲೇ ಹೆಜ್ಜೆ ಹಾಕುತ್ತ. "ಬೈಯೋದಿದ್ರೆ ಎದ್ದು ನಿಂತು ಬೈಯಿರಿ. ಅಲ್ಲೀವರೆಗೂ ಕಾಯ್ತೀನಿ."

ಆಪರೇಷನ್ ಆಗಿ, ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುವಂತಾದ ದಿನ ನರ್ಸಮ್ಮ ಮೂತ್ರದ ಕೊಳವೆ ತೆಗೆದಳು. ಸಂಜೆಯೊಳಗೆ ತಾನಾಗಿ ಹೋಗದಿದ್ದರೆ ಮತ್ತೆ ಹಾಕುವುದು, ಮನೆಗೂ ಅದರೊಂದಿಗೇ ಕಳಿಸುವುದು ಎಂದಳು. ತೊಡೆಗೆ ಚೀಲ ಕಟ್ಟಿಕೊಂಡು ಗಾಡಿಯ ಅಡಿಗೆ ನುಸುಳುವುದು ಹೇಗೆ? ಮಾವ ನೀರು ಕುಡಿದರು, ಬಾತ್‌ರೂಮಿಗೆ ನಡೆದರು, ಬರಿಗೈಯಲ್ಲಿ ಬಂದರು. ಮತ್ತೆ ಕುಡಿದರು, ಮತ್ತೆ ನಡೆದರು. ಬಿದ್ದರೆ ಹಿಡಿಯಲು ಸೊಸೆ ಪ್ರತಿ ಸಲವೂ ಹಿಂದೆಯೇ ಹೋಗಿ ಬಾಗಿಲ ಹೊರಗೆ ನಿಂತಳು. ಇಲ್ಲಿ ಯಾರೂ ನಿಲ್ಲೋದು ಬೇಡ ಎಂದು ಮಾವ ಬಾಗಿಲಿಗೆ ಹೇಳಿದರು. ಬಾಗಿಲು ಏನೂ ಅನ್ನಲಿಲ್ಲ, ಸೊಸೆಯೂ ಕದಲಲಿಲ್ಲ.

ಪಕ್ಕದ ಹಾಸಿಗೆಯ ಮುದುಕನಿಗೆ ಇದೆಲ್ಲ ತಮಾಷೆ. "ಏನು ಮೇಸ್ತ್ರಿ, ಗಾಡಿ ಸ್ಟಾರ್ಟ್ ಆಗ್ತಿಲ್ವಾ? ತಳ್ಳೋಕೆ ಬರಲಾ?"

"ಈಗ ತಾನೆ ವೈರು ಬಿಡಿಸಿದಾರೆ," ಎಂದರು ಮಾವ, ಹಲ್ಲು ಕಚ್ಚಿ ವಾಕರನ್ನು ಮುಂದಿಡುತ್ತ. "ಆಗುತ್ತೆ. ಆಗದೆ ಎಲ್ಲಿಗೆ ಹೋಗುತ್ತೆ."

ಕಿಟಕಿಯ ಬಿಸಿಲು ಹಾಸಿಗೆಗಳನ್ನು ದಾಟಿ ಗೋಡೆ ಹತ್ತಿತ್ತು. ನರ್ಸಮ್ಮ ಹೊಸ ಕೊಳವೆಯ ಪೊಟ್ಟಣವನ್ನು ತಟ್ಟೆಯಲ್ಲಿಟ್ಟುಕೊಂಡು ಬಂದಳು. ಮಾವ ಅದನ್ನೊಮ್ಮೆ ನೋಡಿ ಮತ್ತೆ ಎದ್ದರು. ಇನ್ನೂ ಸ್ವಲ್ಪ ತಡೀರಿ ಎಂದು ಸೊಸೆ ನರ್ಸಮ್ಮನಿಗೆ ಹೇಳಿ ಅವರ ಹಿಂದೆ ಹೋದಳು.

ಬಾಗಿಲು ಮುಚ್ಚಿಕೊಂಡಿತು. ಮುದುಕ ಕೂಡ ಅತ್ತ ಕಿವಿಗೊಟ್ಟ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಳಗೆ ಒಂದು ತೆಳ್ಳನೆಯ ಸದ್ದು. ನಿಂತಿತು. ಮತ್ತೆ ಬಂತು, ಈ ಸಲ ನಿಲ್ಲಲಿಲ್ಲ.

"ಕೇಳಿಸ್ತೇನಮ್ಮಾ?" ಎಂದು ಮಾವ, ಇಡೀ ವಾರ್ಡಿಗೆ ಕೇಳುವ ಹಾಗೆ, ಸೊಸೆಯನ್ನು ಕೇಳಿದರು.